ಗುಡಿಗೆ ಹೋಗುವ ದಾರಿ ಕೆರೆ ಏರಿಯ ಮೇಲಿರಲಿ

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ಅರಸರ ಕಾಲದ ಗುಡಿಗಳು ತುಮಕೂರು ಜಿಲ್ಲೆಯ ತುರುವೇಕೆರೆ, ತಿಪಟೂರು ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆಯೂ ಇವೆ. ತುರುವೇಕೆರೆಯಲ್ಲಿ 1263ರ ಚೆನ್ನಿಗರಾಯ ಗುಡಿ, ಮೂಲೆ ಶಂಕರೇಶ್ವರ, ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ದೊಡ್ಡ ಬಸವ. ನಾಗಲಾಪುರದಲ್ಲಿ ಕೇದಾರೇಶ್ವರ ಮತ್ತು ಚೆನ್ನಕೇಶವ. ವಿಘ್ನಸಂತೆಯಲ್ಲಿ ಮೂರನೇ ನರಸಿಂಹನ ದಂಡನಾಯಕರು 1286ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ. ಹೊಯ್ಸಳರಿಗಿಂತ ಹಿಂದಿನ ಒಂಬತ್ತನೇ ಶತಮಾನದ ಕಲ್ಲೇಶ್ವರ ಅರಳಗುಪ್ಪೆಯಲ್ಲಿದೆ. ನರ್ತಿಸುವ ಶಿವನನ್ನು ಅಷ್ಟದಿಕ್ಪಾಲಕರು ಸುತ್ತುವರಿದ ಅದರ ಚಾವಣಿಗೆ ಸರಿಸಾಟಿ ಕಡಿಮೆ. ಇಷ್ಟಿದ್ದೂ ಪ್ರವಾಸಿ ವಾಹನಗಳು ಹೆದ್ದಾರಿಯಲ್ಲೇ ಮುಂದೆ ಹೋಗುತ್ತವೆ. ಈ ಸೀಮೆಗೆ ಪ್ರವಾಸಿಗರನ್ನು ಕರೆಯಬೇಕೆಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಆ ಪ್ರವಾಸ ಕೆರೆಯಿಂದ ಆರಂಭವಾಗಬೇಕು, ಅದರಿಂದ ಬರುವ ಹಣದ ಮೊದಲ ಪಾಲು ಕೆರೆಗೇ ಸಲ್ಲಬೇಕು.

ಇದಕ್ಕೆ ಆಧಾರ ಇಲ್ಲಿನ ಚರಿತ್ರೆಯಲ್ಲೇ ಇದೆ. ದಬ್ಬೇಘಟ್ಟದಿಂದ ತುರುವೇಕೆರೆ, ನೊಣವಿನಕೆರೆಯವರೆಗೆ ಊರುಗಳು ಬೆಳೆದದ್ದು ನೀರು ನಿಲ್ಲಿಸಿದ ಮೇಲೆ. ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯದಿದ್ದರೆ ದೇವರ ನೈವೇದ್ಯಕ್ಕೂ ಅಗ್ರಹಾರದ ಊಟಕ್ಕೂ ದಾರಿಯಿರಲಿಲ್ಲ. ಹಾಗಾಗಿಯೇ ಕರ್ನಾಟಕದ ಶಾಸನಗಳು ಗುಡಿಗೆ ಬಿಟ್ಟ ದತ್ತಿಯ ಜತೆಗೆ ಕೆರೆಗೆ ಬಿಟ್ಟ ದತ್ತಿಯನ್ನೂ ಹೇಳುತ್ತವೆ. ಕೆರೆಯ ನಿರ್ವಹಣೆಗೆಂದು ಕೊಟ್ಟ ಗದ್ದೆ ಬಿಟ್ಟುವಟ್ಟ. ಹೂಳು ಸಾಗಿಸಲು, ಏರಿಗೆ ಮಣ್ಣು ಹಾಕಲು ನೇಮಿಸಿದ್ದು ಕೆರೆಬಂಡಿ. ಶಾಸನತಜ್ಞ ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಇಂಥ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೇ ಸಂಪುಟವಾಗಿ 1904ರಲ್ಲೇ ಪ್ರಕಟಿಸಿದರು. ಗುಡಿಯ ಗೋಡೆಯ ಶಿಲ್ಪಕ್ಕೆ ಮಾರುಹೋಗಿ, ಆ ಗುಡಿಯನ್ನು ಸಾಕಿದ ತೂಬು, ಕೋಡಿ, ಕಾಲುವೆಗಳನ್ನು ನೋಡದೆ ಬಂದವರು ಅರ್ಧ ಊರನ್ನಷ್ಟೇ ನೋಡಿದಂತೆ.

ಆ ವ್ಯವಸ್ಥೆ ಈಗ ಕಳಚಿಬಿದ್ದಿದೆ. ಸರದಿಯಂತೆ ತೂಬಿನ ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸ ಬಹುತೇಕ ಊರುಗಳಲ್ಲಿ ನಿಂತುಹೋಗಿದೆ. ಕೆರೆ ಅಂಗಳದಲ್ಲಿ ಜಾಲಿ ಬೆಳೆಯುತ್ತದೆ, ಕೋಡಿ ಹಳ್ಳ ಒತ್ತುವರಿಯಾಗುತ್ತದೆ. ಹೇಮಾವತಿ ನಾಲೆಯ ನೀರು ಬಂದ ವರ್ಷ ಕೆರೆ ತುಂಬಿದರೂ ಹೂಳು ತುಂಬಿದ ಪಾತ್ರದಲ್ಲಿ ಅದು ಬಹಳ ದಿನ ನಿಲ್ಲುವುದಿಲ್ಲ. ಕೆರೆಗಳಿಗಾಗಿ 2014ರಲ್ಲಿ ರಾಜ್ಯವು ಪ್ರಾಧಿಕಾರವನ್ನೇ ರಚಿಸುವ ಕಾಯ್ದೆ ತಂದಿತು. ಆದರೆ ಕೆರೆಗೆ ಬೇಕಾದದ್ದು ಒಮ್ಮೆ ಬಂದು ಹೋಗುವ ದೊಡ್ಡ ಕಾಮಗಾರಿಗಿಂತ ಹೆಚ್ಚಾಗಿ, ವರ್ಷವರ್ಷವೂ ತಪ್ಪದೆ ನಡೆಯುವ ಸಣ್ಣ ಕೆಲಸ: ಮಳೆಗೆ ಮುಂಚೆ ಕಾಲುವೆ ಬಿಡಿಸುವುದು, ಏರಿಯ ಮೇಲಿನ ಗಿಡ ಕೀಳುವುದು, ತೂಬಿನ ಬಾಗಿಲು ಸರಿಪಡಿಸುವುದು. ಇಂಥ ಕೆಲಸಕ್ಕೆ ಊರಿನ ಕೈಯಲ್ಲೇ ಇರುವ ಸ್ಥಿರ ಆದಾಯ ಬೇಕು. ಪ್ರವಾಸ ಅದನ್ನು ಕೊಡಬಲ್ಲದು.

ಈ ಸಣ್ಣ ಗುಡಿಗಳಿಗೆ ಯಾರು ಬರುತ್ತಾರೆ ಎಂಬುದು ಮೊದಲ ಆಕ್ಷೇಪ. ಈ ಸೀಮೆಗೆ ಜನ ಈಗಾಗಲೇ ಬರುತ್ತಿದ್ದಾರೆ ಎಂಬುದೇ ಉತ್ತರ. ನೊಣವಿನಕೆರೆಯ ಕಾಡಸಿದ್ಧೇಶ್ವರ ಮಠಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶದ ವ್ಯಾಪಾರಿಗಳಿಗೆಲ್ಲ ಗೊತ್ತು. ಬೆಂಗಳೂರಿನಿಂದ ತಿಪಟೂರಿಗೆ ರೈಲಿದೆ. ಬಂದವರನ್ನು ಅರ್ಧ ದಿನ ನಿಲ್ಲಿಸುವ ಏರ್ಪಾಡು ಮಾತ್ರ ಇಲ್ಲ. ತೋರಿಸಲು ಬೇಕಾದಷ್ಟಿದೆ. ಶ್ರೀರಂಗಪಟ್ಟಣದಲ್ಲಿರುವ ಹೈದರಾಲಿಯ ಗುಂಬಜ್‌ಗೆ ಕರಿಗಂಬಗಳ ಕಲ್ಲು ಹೋದದ್ದು ತುರುವೇಕೆರೆ ಬಳಿಯ ಗುಡ್ಡದಿಂದ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ನೀರು ಇಂಗಿ ಉಂಡೆ ಕೊಬ್ಬರಿಯಾಗುವುದನ್ನು ನಗರದ ಮಕ್ಕಳು ಇಲ್ಲಿ ಕಣ್ಣಾರೆ ನೋಡಬಹುದು.

ಪ್ರವಾಸಿಗರು ಬಂದರೆ ಕೆರೆಯೇ ಕೆಡುತ್ತದೆ ಎಂಬ ಎರಡನೇ ಆಕ್ಷೇಪ ಹೆಚ್ಚು ತೂಕದ್ದು. ದಂಡೆಯ ಮೇಲೆ ರೆಸಾರ್ಟ್, ನೀರಿನಲ್ಲಿ ಮೋಟಾರ್ ದೋಣಿ, ಏರಿಯುದ್ದಕ್ಕೂ ಕಾಂಕ್ರೀಟು ಎಂಬುದೇ ಅಭಿವೃದ್ಧಿಯಾದರೆ ಅಂಥ ಪ್ರವಾಸ ಬೇಡವೇ ಬೇಡ. ಆದ್ದರಿಂದಲೇ ಷರತ್ತುಗಳನ್ನು ಮೊದಲೇ ಬರೆದಿರಬೇಕು: ಕೆರೆ ಅಂಗಳದಲ್ಲಿ ಒಂದು ಕಟ್ಟಡವೂ ಏಳಬಾರದು, ವಾಹನಗಳು ಊರಾಚೆ ನಿಲ್ಲಬೇಕು, ಊಟ ವಸತಿ ಊರೊಳಗಿನ ಮನೆಗಳಲ್ಲಿ ಸಿಗಬೇಕು. ಏರಿಯ ಮೇಲೆ ನಡೆದುಹೋಗುವ ಮನುಷ್ಯನಿಂದ ಕೆರೆಗೆ ಹಾನಿಯಿಲ್ಲ. ದಿನವೂ ಹೊರಗಿನವರ ಕಣ್ಣು ಬೀಳುವ ಕೆರೆಯನ್ನು ಒತ್ತುವರಿ ಮಾಡಲು, ಅದಕ್ಕೆ ಚರಂಡಿ ನೀರು ಹರಿಸಲು ಅಂಜಿಕೆಯೂ ಇರುತ್ತದೆ.

ರೈತ ಕಷ್ಟದಲ್ಲಿರುವಾಗ ಪ್ರವಾಸದ ಮಾತೇಕೆ ಎಂದು ಕೇಳುವವರ ಕಾಳಜಿ ನ್ಯಾಯವಾದದ್ದು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಒಂದೇ ಬೆಳೆಯ ಈ ಏರಿಳಿತಕ್ಕೆ ಸಿಕ್ಕ ಸೀಮೆಗೆ ಪಕ್ಕದ ಆದಾಯವೊಂದು ಬೇಕೇಬೇಕು. ಅದಕ್ಕಿಂತ ಮುಖ್ಯವಾಗಿ, ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ತೋಟದ ಬಾವಿ, ಕೊಳವೆಬಾವಿಗಳಿಗೆ ಜೀವ ಬರುತ್ತದೆ. ಕೆರೆಗೆ ಹಾಕಿದ ಹಣ ತೆಂಗಿಗೆ ಹಾಕಿದ ಹಣವೇ.

ಆದ್ದರಿಂದ ಸರ್ಕಾರ ಈ ಸೀಮೆಯಲ್ಲಿ ಒಂದು ಪ್ರಯೋಗ ಮಾಡಲಿ. ವಾಹನ ನಿಲುಗಡೆ, ಅಂಗಡಿ ಹರಾಜು, ಮನೆವಸತಿ ಪರವಾನಗಿಯಿಂದ ಬರುವ ಹಣದಲ್ಲಿ ನಿಗದಿತ ಪಾಲನ್ನು ಆಯಾ ಕೆರೆಯ ಹೆಸರಿನ ಖಾತೆಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗಳಿಗೂ ಪಟ್ಟಣ ಪಂಚಾಯಿತಿಗೂ ಕೊಡಲಿ. ಲೆಕ್ಕವನ್ನು ಗ್ರಾಮಸಭೆ, ವಾರ್ಡ್ ಸಭೆಗಳ ಮುಂದೆ ಓದಲಿ. ಆ ಹಣದಿಂದ ಮೊದಲು ಒಬ್ಬ ನೀರಗಂಟಿಗೆ ಸಂಬಳ ಕೊಡಲಿ. ಏಳೆಂಟು ನೂರು ವರ್ಷಗಳ ಹಿಂದೆ ಗುಡಿ ಕಟ್ಟಿಸಿದವರು ಕೆರೆಗೂ ದತ್ತಿ ಬಿಟ್ಟಿದ್ದರು. ಆ ಗುಡಿಗಳನ್ನು ತೋರಿಸಿ ಹಣ ಗಳಿಸಹೊರಟ ನಾವು ಅಷ್ಟು ಹೊಣೆಯನ್ನಾದರೂ ಹೊರಲೇಬೇಕು.