ಗುಟ್ಟಾಗಿ ಹಿಡಿದಿಟ್ಟ ಮಾತು

ಕಳೆದ ವರ್ಷ ರಕ್ಷಕರೊಬ್ಬರು ನನ್ನ ಬಳಿಗೆ ಬಂದು, "ಮಾಷ್ಟ್ರೇ, ಮೊನ್ನೆ ನೀವು ಫೋನಿನಲ್ಲಿ ಹೇಳಿದ್ದೆಲ್ಲ ನನ್ನಲ್ಲಿ ರೆಕಾರ್ಡ್ ಆಗಿ ಉಂಟು" ಎಂದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅಂದಿನಿಂದ ಅವರೊಡನೆ ತೂಗಿ ತೂಗಿ ಮಾತನಾಡುತ್ತಿದ್ದೇನೆ. ಅವರ ಮಗನ ಕುರಿತು ಮನಬಿಚ್ಚಿ ಹೇಳಬೇಕಾದ ಒಂದೆರಡು ವಿಷಯಗಳು ನನ್ನಲ್ಲೇ ಉಳಿದುಬಿಟ್ಟಿವೆ.

ಅವರು ಮಾಡಿದ್ದು ಕಾನೂನಿಗೆ ವಿರುದ್ಧವೇ? ಅಲ್ಲವೆಂದೇ ಹೇಳಬೇಕು. ತಾನೂ ಪಾಲ್ಗೊಂಡ ಸಂಭಾಷಣೆಯನ್ನು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಿಕೊಳ್ಳುವುದನ್ನೇ ಅಪರಾಧವೆನ್ನುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಬೇರೆ ಇಬ್ಬರ ಫೋನ್ ಮಾತನ್ನು ಅಧಿಕಾರವಿಲ್ಲದೆ ಕದ್ದು ಕೇಳುವುದು ಅಪರಾಧ.

ಮುಂಬಯಿಯಲ್ಲಿ ಅಸಹಜ ಸಾವುಗಳ ವಿಚಾರಣೆ ನಡೆಸುತ್ತಿದ್ದ ಕೊರೋನರ್ ಮಲ್ಕಾನಿ ಎಂಬವರು ಲಂಚ ಕೇಳಿದ ಪ್ರಕರಣವೊಂದಿದೆ. ವೈದ್ಯರೊಬ್ಬರ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿದ್ದರು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಟೇಪನ್ನು ಸಾಕ್ಷ್ಯವೆಂದು ಒಪ್ಪಿತು. ಇದು ಸರಿಯೆಂದೇ ನನ್ನ ಅಭಿಪ್ರಾಯ. ಲಂಚಕ್ಕೋ ಬೆದರಿಕೆಗೋ ಸಿಲುಕಿದ ಬಡವನಿಗೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಹೀಗಿದ್ದರೂ 2025ರ ಜುಲೈಯಲ್ಲಿ, ಪತ್ನಿಗೆ ತಿಳಿಯದಂತೆ ಪತಿ ರೆಕಾರ್ಡ್ ಮಾಡಿದ ಮಾತುಗಳನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಹಾಜರುಪಡಿಸಬಹುದೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯಾಧೀಶರ ಮುಂದಿಡಲು ದೊರೆತ ಅನುಮತಿಯನ್ನು ಊರಿಗೆಲ್ಲ ಹಂಚುವ ಪರವಾನಗಿಯೆಂದು ತಿಳಿಯುವವರು ಬಹಳ ಮಂದಿ. ನನ್ನ ತಕರಾರು ಇಲ್ಲಿಯೇ.

ವಿದ್ಯಾರ್ಥಿಗಳೇ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯ ಸಾಲದ ವಿಚಾರವನ್ನು ಗೆಳತಿಯಲ್ಲಿ ಹೇಳಿ ಅತ್ತಿದ್ದಳು. ಗೆಳತಿಯ ಫೋನು ಅದನ್ನು ಹಿಡಿದಿಟ್ಟಿತು. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳಿದರು. ಎಂಟು ದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. "ತಮಾಷೆಗೆ ಮಾಡಿದ್ದು ಸಾರ್" ಎಂಬ ಉತ್ತರ ನನಗೆ ದೊರೆಯಿತು. ಯಾರ ಲಂಚವನ್ನು, ಯಾವ ಅನ್ಯಾಯವನ್ನು ಬಯಲಿಗೆಳೆಯಲು ಆ ರೆಕಾರ್ಡು?

ನಮ್ಮ ಕಾಸರಗೋಡಿನಲ್ಲಂತೂ ಮಾತು ತುಳುವಿನಲ್ಲಿ ಆರಂಭವಾಗಿ, ಮಲಯಾಳದಲ್ಲಿ ಹೊರಳಿ, ಕನ್ನಡದಲ್ಲಿ ಮುಗಿಯುತ್ತದೆ. ನಡುವಿನ ಅರ್ಧ ನಿಮಿಷವನ್ನು ಕತ್ತರಿಸಿ ಕೇಳಿಸಿದರೆ ನಗೆಮಾತು ಬೈಗುಳವಾಗಿ ಕೇಳೀತು.

ಆ ರಕ್ಷಕರಿಗೆ ನಾನು ಹೇಳಿಕಳುಹಿಸಿದ್ದೇನೆ: "ಮಗನ ವಿಷಯ ಮಾತನಾಡಲಿಕ್ಕುಂಟು, ಶಾಲೆಗೇ ಬನ್ನಿ. ರೆಕಾರ್ಡ್ ಮಾಡುವುದಿದ್ದರೆ ಹೇಳಿಯೇ ಮಾಡಿ, ಫೋನು ಮೇಜಿನ ಮೇಲಿರಲಿ." ಬರುತ್ತೇನೆ ಎಂದಿದ್ದಾರೆ.