ಸರ್ಚುವಿನಿಂದ ಹಿಂದಿರುಗಿದ್ದು

ಮೊದಲ ಸಲ ನಾನು ಲೇಹ್ ತಲುಪಲಿಲ್ಲ. 2023ರ ಜೂನ್, ನನಗಾಗ 62. ಜೊತೆಯವರೊಡನೆ ಬೈಕಿನಲ್ಲಿ ಮನಾಲಿಯಿಂದ ಹೊರಟ ಎರಡನೇ ದಿನ ಸಂಜೆ ಸರ್ಚು ಎಂಬ ಬಯಲಿನ ಡೇರೆಯೊಂದರಲ್ಲಿ ಮಲಗಿದವನಿಗೆ ನಡುರಾತ್ರಿ ತಲೆ ಸಿಡಿಯತೊಡಗಿತು. ಎರಡು ಸಲ ವಾಂತಿಯಾಯಿತು. ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಹೊರಗೆ ಬಂದು ಕೂತೆ. ಅಷ್ಟೊಂದು ನಕ್ಷತ್ರಗಳನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ತಲೆ ಎತ್ತಿದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು.

ಸರ್ಚು ಇರುವುದು ಸುಮಾರು 4,290 ಮೀಟರ್ ಎತ್ತರದಲ್ಲಿ. ಅಲ್ಲಿ ಹೀಗಾದವರಿಗೆ ನಿಜವಾದ ಮದ್ದು ಒಂದೇ, ಕೆಳಗಿಳಿಯುವುದು. ಆ ಜಾಗದ ಕಷ್ಟವೆಂದರೆ, ದಾರಿ ಯಾವ ಕಡೆಗೆ ಹಿಡಿದರೂ ಇಳಿಯುವ ಮೊದಲು ಹತ್ತಲೇಬೇಕು. ಮುಂದಕ್ಕೆ ಗಾಟಾ ಲೂಪ್ಸ್‌ನ 21 ತಿರುವುಗಳು, ಅದರಾಚೆ 5,000 ಮೀಟರ್ ದಾಟುವ ಲಾಚುಂಗ್ ಲಾ. ಹಿಂದಕ್ಕೆ ಸುಮಾರು 4,890 ಮೀಟರಿನ ಬಾರಲಾಚಾ ಲಾ. ಬೆಟ್ಟಸಾಲು ದಾಟುವ ಕಣಿವೆದಾರಿಗೆ ಅಲ್ಲಿಯವರು ‘ಲಾ’ ಅನ್ನುತ್ತಾರೆ.

ಬೆಳಿಗ್ಗೆ ಆರಕ್ಕೆ, ಲೇಹ್‌ನಲ್ಲಿ ಸರಕು ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯೊಂದು ನಿಂತಿತು. ನಾಲ್ಕು ಜನ ಸೇರಿ ನನ್ನ ಬೈಕನ್ನು ಹಲಗೆಯ ಮೇಲೆ ನೂಕಿ ಹತ್ತಿಸಿ ಹಗ್ಗ ಬಿಗಿದರು. ಡ್ರೈವರ್ ಏನೂ ಕೇಳಲಿಲ್ಲ. ಫ್ಲಾಸ್ಕಿನ ಬಿಸಿನೀರು ಕೊಟ್ಟು, ಕಿಟಕಿ ಪಕ್ಕ ಕೂರಿಸಿಕೊಂಡ. ಬಾರಲಾಚಾ ದಾಟಿದ ಕೂಡಲೇ ಸೂರಜ್ ತಾಲ್ ಸರೋವರ, ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು. ಭಾಗಾ ನದಿ ಹುಟ್ಟುವುದು ಅಲ್ಲಿ. ಅದರ ಜೊತೆಜೊತೆಗೇ ಇಳಿದು ಜಿಸ್ಪಾ ಸೇರಿದೆವು. ಮಲಗಿ ಎದ್ದಾಗ ಸಂಜೆ ನಾಲ್ಕು ಗಂಟೆ. ತಲೆನೋವು ಹೋಗಿತ್ತು, ಹೊಟ್ಟೆ ಹಸಿದಿತ್ತು.

ಈ ಭಾಗಾ ಇನ್ನೂ ಕೆಳಗೆ ತಾಂಡಿಯಲ್ಲಿ ಚಂದ್ರಾ ನದಿಯನ್ನು ಕೂಡಿ ಚಂದ್ರಭಾಗಾ ಆಗುತ್ತದೆ, ಮುಂದೆ ಅದೇ ಚೆನಾಬ್. ಪಂಢರಪುರಕ್ಕೆ ಹೋಗಿ ಭೀಮೆಯಲ್ಲಿ ಮಿಂದು ಬಂದ ನನ್ನ ತಾಯಿ ಆ ನದಿಯನ್ನು ಚಂದ್ರಭಾಗಾ ಎಂದೇ ಹೇಳುತ್ತಿದ್ದಳು. ಆ ಹೆಸರಿನ ಇನ್ನೊಂದು ನದಿಯ ದಡದಲ್ಲಿ ಅವಳನ್ನು ನೆನೆದೆ.

ಮೂವತ್ತರ ಹರೆಯದಲ್ಲಾಗಿದ್ದರೆ ನಾನು ಸರ್ಚುವಿನಿಂದ ಹಿಂದಿರುಗುತ್ತಿರಲಿಲ್ಲ. ಆಗ ನನ್ನದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇದ್ದ ಗಾಡಿ. 1961ರಿಂದ ಬೈಕು ತಯಾರಿಸಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆ ಕರ್ನಾಟಕದ ಒಂದಿಡೀ ತಲೆಮಾರಿಗೆ ದಾರಿಯ ಹುಚ್ಚು ಹಿಡಿಸಿತು. ಜುಲೈ ಮಳೆಯಲ್ಲಿ, ಮಂಜಿನಲ್ಲಿ, ರಾತ್ರಿ ಆಗುಂಬೆ ಘಾಟಿ ಇಳಿದಿದ್ದೇನೆ. ಬೇಡ ಎಂದವರ ಮಾತು ಕೇಳದೆ ಹೋಗುವುದೇ ಧೈರ್ಯ ಎಂದುಕೊಂಡಿದ್ದೆ. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಧೈರ್ಯವನ್ನೂ ಅದೃಷ್ಟವನ್ನೂ ಬೇರೆ ಮಾಡಿ ನೋಡಲು ನನಗೆ ಮೂವತ್ತು ವರ್ಷ ಬೇಕಾಯಿತು.

‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?’ ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಪ್ಪಿದ್ದದ್ದು ವಯಸ್ಸಿನಲ್ಲಿ ಅಲ್ಲ, ನಾನು ಹತ್ತಿದ ರೀತಿಯಲ್ಲಿ. ವಯಸ್ಸಾದವರಿಗೇ ಎತ್ತರದ ಕಾಯಿಲೆ ಹೆಚ್ಚು ಎಂಬುದು ನಿಜವಲ್ಲ, ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗರೂ ಬೀಳುತ್ತಾರೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೇರಬಾರದು ಎನ್ನುತ್ತಾರೆ ವೈದ್ಯರು. ನಾನು ಕೇಲಾಂಗ್‌ನಲ್ಲಿ ಮಲಗಿ ಎದ್ದು ಒಂದೇ ದಿನಕ್ಕೆ 1,200 ಮೀಟರ್ ಮೇಲೆ ಹಾಸಿಗೆ ಹಾಸಿದ್ದೆ. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆದ ಮೇಲೆ ಮನಾಲಿ–ಲೇಹ್ ದಾರಿ 46 ಕಿ.ಮೀ. ಕಡಿಮೆಯಾಯಿತು. ಚಳಿಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತಿದ್ದ ಲಾಹೌಲ್ ಜನಕ್ಕೆ ಅದೊಂದು ವರ. ಪ್ರವಾಸಿಗೆ ಮಾತ್ರ ದಾರಿ ಚಿಕ್ಕದಾದಷ್ಟೂ ಮೈ ಒಗ್ಗಿಸಿಕೊಳ್ಳುವ ಹೊತ್ತೂ ಚಿಕ್ಕದಾಗಿದೆ.

ಇನ್ನೊಂದು ತಪ್ಪು ಹಳ್ಳದ್ದು. ಜಿಂಗ್ ಜಿಂಗ್ ಬಾರ್ ಕಡೆ ಹಿಮ ಕರಗಿದ ನೀರು ರಸ್ತೆಯ ಮೇಲೇ ಹರಿಯುತ್ತದೆ. ಬೆಳಿಗ್ಗೆ ಅದು ಪಾದ ಮುಳುಗುವಷ್ಟು. ಬಿಸಿಲೇರಿ ಮೇಲಿನ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟುತ್ತದೆ. ನಾವು ಅಲ್ಲಿ ತಲುಪಿದ್ದು ಎರಡು ಗಂಟೆಗೆ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಬಿಡದೆ, ಕಣ್ಣನ್ನು ಆಚೆ ದಡದಲ್ಲಿ ನೆಟ್ಟು ಹೋಗಬೇಕು. ನಡುವೆ ಮುಂದಿನ ಚಕ್ರ ಉರುಟು ಕಲ್ಲಿನ ಮೇಲೆ ಜಾರಿತು, ಕಾಲೂರಿದೆ. ಎರಡೂ ಬೂಟಿನೊಳಗೆ ಹಿಮದ ನೀರು ತುಂಬಿತು. ಬೂಟು ಬಿಚ್ಚಿ, ಕಾಲ್ಚೀಲ ಬದಲಿಸಿ, ಅರ್ಧ ತಾಸು ಬಿಸಿಲಿಗೆ ಕೂರಬೇಕಿತ್ತು. ಜೊತೆಯವರು ಮುಂದೆ ಹೋಗುತ್ತಿದ್ದಾರಲ್ಲ ಎಂದು ಹಾಗೇ ಹೊರಟೆ. ಸರ್ಚು ಮುಟ್ಟುವಾಗ ಮೊಣಕಾಲ ಕೆಳಗೆ ಸ್ಪರ್ಶವೇ ಇರಲಿಲ್ಲ.

ಟೆಡ್ ಸೈಮನ್ ಎಂಬ ಬ್ರಿಟಿಷ್ ಪತ್ರಕರ್ತ 1973ರಲ್ಲಿ ಟ್ರಯಂಫ್ ಬೈಕ್ ಏರಿ ನಾಲ್ಕು ವರ್ಷ ಜಗತ್ತು ಸುತ್ತಿದವರು, ಭಾರತಕ್ಕೂ ಬಂದಿದ್ದರು. 2001ರಲ್ಲಿ, 69ರ ವಯಸ್ಸಿನಲ್ಲಿ, ಅದೇ ದಾರಿಯನ್ನು ಮತ್ತೆ ಹಿಡಿದು ಹೊರಟರು. ಜಿಸ್ಪಾದಲ್ಲಿ ಹೊಳೆಯ ದಡದ ಮೇಲೆ ಕೂತಾಗ ಅವರು ನೆನಪಾದರು. ಮರುವರ್ಷ ಬರುತ್ತೇನೆ ಎಂದು ನಿರ್ಧರಿಸಿದ್ದು ಅಲ್ಲೇ.

2024ರ ಸೆಪ್ಟೆಂಬರಿನಲ್ಲಿ ಶ್ರೀನಗರದ ಕಡೆಯಿಂದ ಹೋದೆ. ಆ ದಾರಿ ದಯೆಯಿಂದ ಏರುತ್ತದೆ. ಜೋಜಿ ಲಾ 3,528 ಮೀಟರ್. ಅದನ್ನು ದಾಟಿ ಇಳಿದರೆ ಕಾರ್ಗಿಲ್ 2,700 ಮೀಟರಿನ ಒಳಗೇ. ಅಲ್ಲಿ ಎರಡು ರಾತ್ರಿ ಉಳಿದೆ, ಲೇಹ್‌ನಲ್ಲಿ ಐದು ರಾತ್ರಿ. ಮೊದಲೆರಡು ದಿನ ಬೈಕ್ ಮುಟ್ಟಲಿಲ್ಲ. ಆಮೇಲೊಂದು ದಿನ ಖರ್ದುಂಗ್ ಲಾ ಹತ್ತಿ, ಹತ್ತು ನಿಮಿಷ ನಿಂತು, ರಾತ್ರಿಗೆ ಲೇಹ್‌ಗೇ ಇಳಿದು ಮಲಗಿದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಆ ಒಣಗಾಳಿಯಲ್ಲಿ ಬೆವರು ಬಂದದ್ದೂ ತಿಳಿಯುವುದಿಲ್ಲ. ಹಾಗಾಗಿ ಗಡಿಯಾರ ನೋಡಿ ನೀರು ಕುಡಿದೆ. ರಕ್ತದೊತ್ತಡದ ಮಾತ್ರೆಗಳನ್ನು ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ ಕೇಳಿಕೊಂಡಿದ್ದೆ.

ಮತ್ತೆ ದಕ್ಷಿಣಕ್ಕೆ, ಮನಾಲಿಯ ಕಡೆಗೆ. 5,328 ಮೀಟರಿನ ತಾಂಗ್ಲಾಂಗ್ ಲಾ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಅಲ್ಲಿಂದ ಇಳಿದರೆ ಮೋರೆ ಬಯಲು, ನಲವತ್ತು ಕಿಲೋಮೀಟರ್ ನೆಟ್ಟಗೆ ರಸ್ತೆ. ಎರಡೂ ಬದಿ ಮರಳುಬಣ್ಣದ ನೆಲ, ತುಕ್ಕುಬಣ್ಣದ ಬೆಟ್ಟ, ಒಂದು ಮರವಿಲ್ಲ. ಮಳೆ ಹೊತ್ತ ಮೋಡಗಳೆಲ್ಲ ಹಿಮಾಲಯದ ದಕ್ಷಿಣ ಮಗ್ಗುಲಲ್ಲೇ ಬರಿದಾಗುವುದರಿಂದ ಈ ನೆಲ ಮರುಭೂಮಿ. ಆಗುಂಬೆಯಲ್ಲಿ ಜೋರು ಮಳೆಯ ಒಂದೇ ದಿನ ಸುರಿಯುವಷ್ಟು ಲೇಹ್‌ಗೆ ಇಡೀ ವರ್ಷ ಸುರಿಯುವುದಿಲ್ಲ. ಎಂಜಿನ್ ಆರಿಸಿ ನಿಂತೆ. ಸೈಲೆನ್ಸರ್ ತಣಿಯುವ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ದೂರದಲ್ಲಿ ಮೂರು ಕಿಯಾಂಗ್‌ಗಳು, ಅಲ್ಲಿಯ ಕಾಡುಕತ್ತೆಗಳು, ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿದವು. ಎಷ್ಟು ಹೊತ್ತು ನಿಂತಿದ್ದೆನೋ. ನನ್ನನ್ನು ದಾಟಿ ಹೋದ ಹುಡುಗರ ಗುಂಪು ನಿಲ್ಲಲಿಲ್ಲ. ಅವರಿಗೆ ರಜೆ ಮುಗಿಯುತ್ತಿತ್ತು. ಮೋರೆ ಬಯಲಲ್ಲಿ ಸುಮ್ಮನೆ ನಿಲ್ಲುವಷ್ಟು ಬಿಡುವು ಬದುಕಿನಲ್ಲಿ ಸಿಗುವುದು ಅರವತ್ತರ ಮೇಲೆಯೇ.

ನಿಧಾನವಾಗಿ ಹೋದವನಿಗೆ ರಸ್ತೆ ಮಾಡುವವರೂ ಕಾಣುತ್ತಾರೆ. ಗಡಿ ರಸ್ತೆ ಸಂಸ್ಥೆಗೆ ದುಡಿಯುವ ಆ ಕೂಲಿಗಳಲ್ಲಿ ಬಹಳಷ್ಟು ಜನ ಜಾರ್ಖಂಡ್‌ನ ದುಮ್ಕಾ ಕಡೆಯವರು. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಟಾರಿನ ಹೊಗೆಯಲ್ಲಿ, ನಾವು ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಎತ್ತರದಲ್ಲಿ ಕಲ್ಲು ಹೊರುತ್ತಾರೆ. ಒಬ್ಬನಿಗೆ ಹೆಚ್ಚೆಂದರೆ ಇಪ್ಪತ್ತು. ನನ್ನಲ್ಲಿದ್ದ ಕಡಲೆಮಿಠಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾವು ಸಾಹಸ ಎಂದು ಕರೆಯುವುದು ಅವನ ದಿನಗೂಲಿಯ ಮೇಲೆ ನಿಂತಿದೆ.

ಆ ರಾತ್ರಿ ಸರ್ಚುವಿನಲ್ಲೇ ಮಲಗಿದೆ. ಬೆಳಗಿನವರೆಗೆ ಎಚ್ಚರವಾಗಲಿಲ್ಲ. ಮರುದಿನ ಬೆಳಿಗ್ಗೆ ಅದೇ ಹಳ್ಳ ದಾಟಿದೆ. ಪಾದ ನೆನೆಯಲಿಲ್ಲ.

ಮನೆಯಲ್ಲಿ ಅಪ್ಪ ಹೀಗೆ ಹೊರಟು ನಿಂತರೆ, ಮಕ್ಕಳೇ, ದಯವಿಟ್ಟು ಬೈಕಿನ ಕೀ ಬಚ್ಚಿಡಬೇಡಿ. ಹೃದಯ, ಶ್ವಾಸಕೋಶ, ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಡಾಕ್ಟರು ಬೇಡವೆಂದರೆ ಅವರ ಮಾತು ಕೇಳಿಸಿ; ಆಗಲಿ ಎಂದರೆ ಶ್ರೀನಗರದ ದಾರಿಯಲ್ಲೇ ಹೋಗಲು ಹೇಳಿ, ವಾಪಸಿನ ಟಿಕೆಟ್‌ಗೆ ಐದಾರು ದಿನ ಹೆಚ್ಚು ಬಿಡಿ. ಆಗದಿದ್ದರೆ ಅರ್ಧದಾರಿಯಿಂದ ಬಂದುಬಿಡಲಿ. ಬಂದಾಗ, ಯಾಕೆ ತಲುಪಲಿಲ್ಲ ಎಂದು ಮಾತ್ರ ಕೇಳಬೇಡಿ.