ಮರಿ ಬಿಟ್ಟರೆ ಹೊಳೆ ಉಳಿಯದು

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಏದುಸಿರು ಶುರು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಇದ್ದದ್ದು 25 ಡಿಗ್ರಿಗೆ ಬರುವಾಗ 8ರ ಆಸುಪಾಸಿಗೆ ಇಳಿದಿರುತ್ತದೆ. ಹೆಣ್ಣು ಟ್ರೌಟ್ ಹೊಳೆತಳದ ನುರುಜುಗಲ್ಲನ್ನು ಬಾಲದಿಂದ ಕೆದರಿ ಗುಳಿ ಮಾಡುತ್ತದೆ, ಅಲ್ಲಿ ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ನೀರು ಆಡುತ್ತಿದ್ದರೆ ಮರಿ ಹೊರಬರುತ್ತದೆ. ಮರಳು, ಹೂಳು ಕೂತರೆ ಮೊಟ್ಟೆ ಅಲ್ಲೇ ಉಸಿರುಗಟ್ಟಿ ಸಾಯುತ್ತದೆ. ತಣ್ಣೀರು, ದಂಡೆಯ ನೆರಳು, ತಳದಲ್ಲಿ ಹೂಳಿಲ್ಲದ ಕಲ್ಲು: ಟ್ರೌಟ್ ಹೊಳೆಯೆಂದರೆ ಇಷ್ಟೇ. ಈ ಮೂರರ ಪೈಕಿ ಒಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದು ಸುರಿಯಲು ಬರುವುದಿಲ್ಲ. ಮೀನುಮರಿಯನ್ನು ಮಾತ್ರ ಹಾಗೆ ತಂದು ಸುರಿಯಬಹುದು. ಹೊಳೆ ಉಳಿಸುವ ಹೆಸರಿನಲ್ಲಿ ಜಗತ್ತಿನಾದ್ಯಂತ ನಡೆಯುವ ಅರ್ಧಕ್ಕರ್ಧ ಸಮಾರಂಭಗಳ ಗುಟ್ಟು ಇಲ್ಲೇ ಇದೆ.

ಟ್ರೌಟ್ ಹಿಡಿಯುವ ಕುಲೀನ ವಿಧಾನಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಎರೆಹುಳ ಚುಚ್ಚಿದ ಗಾಳಕ್ಕೆ ಇಲ್ಲಿ ಜಾಗವಿಲ್ಲ. ಕೋಳಿಗರಿ, ರೋಮ, ನೂಲು ಸುತ್ತಿ ನೀರುಹುಳದ ಹಾಗೆ ಕಾಣುವ ‘ಗರಿಹುಳ’ದ ಕೊಕ್ಕೆಯೊಂದನ್ನು ಕಟ್ಟಿ, ಭಾರವಾದ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ, ಮೀನಿನ ಮೂಗಿನ ಮುಂದೆ ಹಗುರವಾಗಿ ಇಳಿಸಬೇಕು. ಯಾವ ಹುಳ ಯಾವ ವಾರದಲ್ಲಿ, ದಿನದ ಯಾವ ಹೊತ್ತಿನಲ್ಲಿ ನೀರಿನಿಂದ ಏಳುತ್ತದೆ ಎಂಬುದು ಗೊತ್ತಿಲ್ಲದವನಿಗೆ ಮೀನು ಸಿಗುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಓ ಸೇಬಲ್ ನದಿಯಲ್ಲಿ ಜೂನ್ ಕೊನೆಯ ರಾತ್ರಿಗಳಲ್ಲಿ ಹೆಕ್ಸ್ ಎಂಬ ದೊಡ್ಡ ಮೇಫ್ಲೈ ಏಳುತ್ತದೆ. ಅದನ್ನು ತಿನ್ನಲು ದೊಡ್ಡ ಟ್ರೌಟ್‌ಗಳು ಕತ್ತಲಲ್ಲಿ ಮೇಲಕ್ಕೆ ಬರುತ್ತವೆ. ಅವನ್ನು ಹಿಡಿಯಲು ಜನ ಊರೂರಿಂದ ಬಂದು ನಡುರಾತ್ರಿ ಸೊಂಟಮಟ್ಟ ನೀರಿನಲ್ಲಿ ನಿಲ್ಲುತ್ತಾರೆ. ಈ ಹುಳದ ಮರಿ ಬೆಳೆಯುವುದು ಹೊಳೆತಳದ ಕೆಸರಿನಲ್ಲಿ. ಹೀಗಾಗಿ ಗಾಳಗಾರ ತನ್ನ ಸ್ವಾರ್ಥಕ್ಕಾದರೂ ಹೊಳೆಯ ತಳವನ್ನು ಬಲ್ಲವನಾಗುತ್ತಾನೆ. ಫ್ಲೈ ಫಿಶಿಂಗಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಗಟ್ಟಿಯಾದದ್ದು.

ಈ ಹವ್ಯಾಸದ ಸುತ್ತ ಅಲ್ಲಿ ಒಂದು ಸಾಮುದಾಯಿಕ ಪಂಚಾಂಗವೇ ಬೆಳೆದಿದೆ. ಚಳಿಗಾಲದ ಸಂಜೆಗಳಲ್ಲಿ ಗರಿಹುಳ ಕಟ್ಟುವ ಕೂಟಗಳು. ಏಪ್ರಿಲ್‌ನ ಕೊನೆಯ ಶನಿವಾರ ಟ್ರೌಟ್ ಋತುವಿನ ಆರಂಭ; ಆ ಹೊತ್ತಿಗೆ ಮಿಷಿಗನ್ನಿನ ಕಲ್ಕಾಸ್ಕ ಊರಿನಲ್ಲಿ ಟ್ರೌಟ್ ಜಾತ್ರೆ. ಜುಲೈ ಕೊನೆಗೆ ಓ ಸೇಬಲ್‌ನಲ್ಲಿ 120 ಮೈಲಿಯ, ರಾತ್ರಿಯಿಡೀ ನಡೆಯುವ ದೋಣಿ ಓಟ. 1996ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಆರಂಭವಾದ ‘ಕಾಸ್ಟಿಂಗ್ ಫಾರ್ ರಿಕವರಿ’ ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಳ್ಳುವ ಹೆಂಗಸರಿಗೆ ಗಾಳ ಬೀಸುವುದನ್ನು ಕಲಿಸುತ್ತದೆ. ಆ ಬೀಸು ಶಸ್ತ್ರಚಿಕಿತ್ಸೆಯ ನಂತರ ತೋಳಿಗೆ ಬೇಕಾದ ವ್ಯಾಯಾಮವನ್ನೇ ಹೋಲುತ್ತದೆ. 2005ರಿಂದ ಗಾಯಾಳು ಸೈನಿಕರಿಗೆ ಇಂಥದೇ ಇನ್ನೊಂದು ಯೋಜನೆ ನಡೆದಿದೆ. ಶಾಲೆಗಳಲ್ಲಿ ಮಕ್ಕಳು ತಂಪು ತೊಟ್ಟಿಯಲ್ಲಿ ಟ್ರೌಟ್ ಮೊಟ್ಟೆಗಳನ್ನು ಮರಿ ಮಾಡಿಸಿ ವಸಂತದಲ್ಲಿ ಹೊಳೆಗೆ ಬಿಡುತ್ತಾರೆ. ಎಲ್ಲವೂ ಒಳ್ಳೆಯವೇ. ಆದರೆ ಇವುಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಒಳ್ಳೆಯವು. ಹೊಳೆಗೆ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಓ ಸೇಬಲ್ ದಂಡೆಯ ಒಂದು ಊರಿಗೇ ಹೋಗಬೇಕು.

ಆ ಊರಿನ ಹೆಸರು ಗ್ರೇಲಿಂಗ್. ಅದು ಒಂದು ಮೀನಿನ ಹೆಸರು. ಬೆನ್ನ ಮೇಲೆ ಹಾಯಿಯಂಥ ದೊಡ್ಡ ರೆಕ್ಕೆಯಿರುವ ಆರ್ಕ್‌ಟಿಕ್ ಗ್ರೇಲಿಂಗ್ ಒಂದು ಕಾಲಕ್ಕೆ ಆ ಹೊಳೆಯಲ್ಲಿ ಕಿಕ್ಕಿರಿದಿತ್ತು. ಹಿಡಿದು ಷಿಕಾಗೊ ಹೋಟೆಲುಗಳಿಗೆ ರೈಲಿನಲ್ಲಿ ಕಳಿಸುತ್ತಿದ್ದರು. 1870ರ ದಶಕದಿಂದ ಬಿಳಿ ಪೈನ್ ಕಾಡುಗಳ ಕಡಿತ ಜೋರಾಯಿತು. ದಿಮ್ಮಿಗಳನ್ನು ದಂಡೆಯಿಂದ ಉರುಳಿಸಿ ಹೊಳೆಯಲ್ಲಿ ತೇಲಿಬಿಟ್ಟರು. ದಂಡೆ ಕುಸಿಯಿತು, ನೆರಳು ಹೋಯಿತು, ಮರಳು ತಳಕ್ಕೆ ಇಳಿಯಿತು, ಗ್ರೇಲಿಂಗ್ ಮೊಟ್ಟೆಯಿಡುತ್ತಿದ್ದ ಕಲ್ಲುಹಾಸು ಹೂತುಹೋಯಿತು. 1884ರಲ್ಲಿ ಜರ್ಮನಿಯಿಂದ ಬಂದ ಕಂದು ಟ್ರೌಟ್‌ನ ಮರಿಗಳನ್ನು ಇದೇ ರಾಜ್ಯದ ಪಿಯರ್ ಮಾರ್ಕೆಟ್ ನದಿಯ ಉಪನದಿಯೊಂದಕ್ಕೆ ಬಿಟ್ಟರು. ಅಮೆರಿಕದ ಹೊಳೆಗೆ ಕಂದು ಟ್ರೌಟ್ ಇಳಿದದ್ದು ಅಲ್ಲಿಂದ. ಹೊರಗಿನಿಂದ ತಂದ ಟ್ರೌಟ್‌ಗಳ ಪೈಪೋಟಿ, ಲಂಗುಲಗಾಮಿಲ್ಲದ ಬೇಟೆ, ಹಾಳಾದ ತಳ ಮೂರೂ ಸೇರಿ 1936ರ ಹೊತ್ತಿಗೆ ಇಡೀ ಮಿಷಿಗನ್ನಿನಿಂದ ಗ್ರೇಲಿಂಗ್ ಅಳಿಯಿತು.

ಅದನ್ನು ಉಳಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ರಾಸ್ಮಸ್ ಹ್ಯಾನ್ಸನ್ ಎಂಬ ಮರದ ಸಾಹುಕಾರ 1914ರಲ್ಲಿ ಅದೇ ಊರಿನಲ್ಲಿ ಮೀನುಮರಿ ಕೇಂದ್ರವೊಂದನ್ನು ಕಟ್ಟಿಸಿದ. ಗ್ರೇಲಿಂಗ್ ಮೀನನ್ನು ಮತ್ತೆ ತರುವುದೇ ಅದರ ಗುರಿ. ಕಾಡು ಕಡಿದ ಉದ್ಯಮದ ದೊರೆಯೇ ಮರಿ ಬಿಡಲು ಮುಂದಾದದ್ದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಪ್ರಯತ್ನ ಕೈಗೂಡಲಿಲ್ಲ. ಹೂಳು ತುಂಬಿದ ಮನೆಗೆ ಎಷ್ಟು ಮಕ್ಕಳನ್ನು ತಂದು ಬಿಟ್ಟರೇನು?

ಆದರೂ ಸರ್ಕಾರಗಳಿಗೆ ಮರಿ ಬಿಡುವುದರ ಮೇಲಿನ ಮೋಹ ಇಳಿಯಲಿಲ್ಲ. ತೊಟ್ಟಿಯಲ್ಲಿ ಬೆಳೆಸಿದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಟ್ರೌಟ್‌ಗಳು ಲಾರಿಯಲ್ಲಿ ಬಂದು ಹೊಳೆ ಸೇರುತ್ತಿದ್ದವು. ಗಾಳಗಾರರು ಸಾಲುಗಟ್ಟಿ ಹಿಡಿಯುತ್ತಿದ್ದರು, ಮತ್ತೆ ಲಾರಿ ಬರುತ್ತಿತ್ತು. ಇದು ಸಾಕೆಂದು ಮೊದಲು ಹೇಳಿದವರೂ ಗಾಳಗಾರರೇ. 1959ರ ಜುಲೈನಲ್ಲಿ ಓ ಸೇಬಲ್ ದಂಡೆಯ ಜಾರ್ಜ್ ಗ್ರಿಫಿತ್ ಅವರ ಮನೆಯಲ್ಲಿ 16 ಮಂದಿ ಸೇರಿ ‘ಟ್ರೌಟ್ ಅನ್‌ಲಿಮಿಟೆಡ್’ ಸಂಘಟನೆಗೆ ಅಡಿಪಾಯ ಹಾಕಿದರು. ಮರಿಗೆ ಸುರಿಯುವ ಹಣ ಹೊಳೆಯ ತಳಕ್ಕೆ, ದಂಡೆಗೆ, ನೀರಿಗೆ ಹೋಗಲಿ. ಮೀನು ತಾನಾಗಿ ಹೆಚ್ಚುತ್ತದೆ ಎಂಬುದು ಅವರ ವಾದ. ಇಂದು ಆ ಸಂಘಟನೆಗೆ ದೇಶದಾದ್ಯಂತ ಸುಮಾರು 400 ಶಾಖೆಗಳಿವೆ.

ವಾದಕ್ಕೆ ಪುರಾವೆ ಸಿಕ್ಕಿದ್ದು ಮೊಂಟಾನದಲ್ಲಿ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಮೀನು ವಿಜ್ಞಾನಿ ಡಿಕ್ ವಿನ್ಸೆಂಟ್ ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಮರಿ ಬಿಡುವುದನ್ನು ನಿಲ್ಲಿಸಿ, ಹಿಂದೆಂದೂ ಬಿಡದಿದ್ದ ಓಡೆಲ್ ಹಳ್ಳಕ್ಕೆ ಬಿಡಿಸಿ ನೋಡಿದರು. ನಿಲ್ಲಿಸಿದಲ್ಲಿ ಕಾಡು ಟ್ರೌಟ್ ಹೆಚ್ಚಿತು. ಬಿಟ್ಟಲ್ಲಿ ಇದ್ದದ್ದೂ ಕಡಿಮೆಯಾಯಿತು. ತೊಟ್ಟಿಯಲ್ಲಿ ಬೆಳೆದ ಮೀನಿಗೆ ಹೊಳೆಯ ರೀತಿನೀತಿ ಗೊತ್ತಿರುವುದಿಲ್ಲ. ಅದು ಗುಂಪಾಗಿ ನುಗ್ಗಿ ಕಾಡು ಮೀನನ್ನು ಅದರ ಠಾವಿನಿಂದ ಎಬ್ಬಿಸುತ್ತದೆ, ಕೊನೆಗೆ ತಾನೂ ಬಾಳುವುದಿಲ್ಲ. ಈ ಫಲಿತಾಂಶಕ್ಕೆ ಚಪ್ಪಾಳೆಯೇನೂ ಬೀಳಲಿಲ್ಲ. ಮರಿ ನಿಂತರೆ ಪ್ರವಾಸಿಗರು ಬರುವುದಿಲ್ಲವೆಂದು ವ್ಯಾಪಾರಿಗಳೂ ಅನೇಕ ಗಾಳಗಾರರೂ ತಿರುಗಿಬಿದ್ದರು. ಮೊಂಟಾನ ಮಣಿಯಲಿಲ್ಲ. ಕಾಡು ಟ್ರೌಟ್ ಇರುವ ನದಿಗಳಿಗೆ ಮರಿ ಬಿಡುವುದನ್ನು 1974ರಲ್ಲಿ ನಿಲ್ಲಿಸಿತು. ಇಂದು ಟ್ರೌಟ್ ಹಿಡಿಯಲು ಜಗತ್ತಿನ ಮೂಲೆಮೂಲೆಯಿಂದ ಜನ ಹೋಗುವ ರಾಜ್ಯಗಳಲ್ಲಿ ಅದೂ ಒಂದು.

ಹೊಳೆಯ ನಿಜವಾದ ಕೆಲಸ ನೋಡಲು ಚೆಂದವಿಲ್ಲ. ತಳದಲ್ಲಿ ಗುಂಡಿ ತೋಡಿ ಹರಿದು ಬರುವ ಮರಳನ್ನು ತಡೆದು ಎತ್ತಿಹಾಕಬೇಕು. ಹಿಂದಿನವರು ದಿಮ್ಮಿ ತೇಲಿಸಲು ಅಡ್ಡವೆಂದು ಕಿತ್ತೆಸೆದ ಮರದ ಬೊಡ್ಡೆಗಳನ್ನು ಮೀನಿಗೆ ಮರೆಯಾಗಲೆಂದು ಮತ್ತೆ ನೀರಿಗೆ ಹಾಕಬೇಕು. ಮೀನು ಹತ್ತಲಾರದಷ್ಟು ಎತ್ತರದಲ್ಲಿ ಕೂತಿರುವ ರಸ್ತೆಯ ಮೋರಿಗಳನ್ನು ಕಿತ್ತು ತಳಮಟ್ಟಕ್ಕೆ ಇಳಿಸಬೇಕು. ದಂಡೆಯ ಮರ ಕಾಯಬೇಕು. ಕೆಲವೊಮ್ಮೆ ಏನೂ ಮಾಡದೆ ಸುಮ್ಮನಿರಬೇಕು: ವಾಹನ ಉದ್ಯಮಿ ಜಾರ್ಜ್ ಮೇಸನ್ 1954ರಲ್ಲಿ ತೀರಿಕೊಂಡಾಗ ಓ ಸೇಬಲ್‌ನ ದಕ್ಷಿಣ ಕವಲಿನ ಉದ್ದಕ್ಕೂ ಇದ್ದ ಸುಮಾರು 1,500 ಎಕರೆಯನ್ನು ರಾಜ್ಯಕ್ಕೆ ಬಿಟ್ಟು, ಅದನ್ನು ಮಾರಕೂಡದೆಂದು ಷರತ್ತು ಹಾಕಿದ್ದರು. ಆ ದಂಡೆ ಇಂದಿಗೂ ಕಾಡಾಗಿಯೇ ಇದೆ.

ಕೆಲವೊಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕು. ಹ್ಯಾನ್ಸನ್ ಕಟ್ಟಿಸಿದ ಅದೇ ಮೀನುಮರಿ ಕೇಂದ್ರಕ್ಕೆ 2014ರಲ್ಲಿ ವರ್ಷಕ್ಕೆ 3 ಲಕ್ಷ ಪೌಂಡ್‌ವರೆಗೆ ಟ್ರೌಟ್ ಸಾಕುವ ವಾಣಿಜ್ಯ ಪರವಾನಗಿ ಸಿಕ್ಕಿತು. ಅಷ್ಟು ಮೀನಿನ ಹಿಕ್ಕೆ, ಉಳಿದ ಮೇವು ಹರಿದು ಸೇರುವುದು ಓ ಸೇಬಲ್‌ಗೆ. ಅದರಲ್ಲೂ ಗರಿಹುಳದಿಂದ ಮಾತ್ರ ಹಿಡಿದು ಮತ್ತೆ ನೀರಿಗೇ ಬಿಡಬೇಕಾದ, ಜನ ‘ಪವಿತ್ರ ನೀರು’ ಎಂದು ಕರೆಯುವ ಎಂಟು ಮೈಲಿಯ ಹರಿವಿಗೆ. 1987ರಲ್ಲಿ ಹುಟ್ಟಿದ ‘ಆಂಗ್ಲರ್ಸ್ ಆಫ್ ದಿ ಓ ಸೇಬಲ್’ ಸಂಘ ವರ್ಷಗಟ್ಟಲೆ ದಾವೆ ಹೂಡಿ ಹೋರಾಡಿ, 2018ರಲ್ಲಿ ರಾಜಿಯಾಗಿ ಗುತ್ತಿಗೆಯನ್ನು ತಾನೇ ಪಡೆದು ಮೀನು ಸಾಕಣೆಯನ್ನು ನಿಲ್ಲಿಸಿತು. ಇದೇ ಸಂಘದವರು ವರ್ಷಕ್ಕೊಮ್ಮೆ ಹೊಳೆಗಿಳಿದು ಕಸ ಹೆಕ್ಕುತ್ತಾರೆ. ಸಾಮುದಾಯಿಕ ಕಾರ್ಯಕ್ರಮಕ್ಕೆ ಬೆಲೆ ಬರುವುದು ಹೀಗೆ. ಗರಿಹುಳ ಕಟ್ಟಲು ಸೇರಿದವರು ಪರವಾನಗಿಯ ಕಾಗದವನ್ನೂ ಓದಿದರು.

ಇಷ್ಟಾಗಿಯೂ ಗಾಳಗಾರರನ್ನು ಹೊಳೆಯ ದೇವದೂತರೆಂದು ಕೂರಿಸುವ ಅಗತ್ಯವಿಲ್ಲ. ಬೆರಳುಗುರಿನಷ್ಟೂ ದೊಡ್ಡದಲ್ಲದ ನ್ಯೂಜಿಲೆಂಡ್ ಮಣ್ಣುಬಸವನಹುಳು ಎಂಬ ಪಿಡುಗು 2016ರಲ್ಲಿ ಓ ಸೇಬಲ್‌ನಲ್ಲಿ ಪತ್ತೆಯಾಯಿತು. ಅದು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವುದು ತೊಳೆಯದ, ಒಣಗಿಸದ ಬೂಟಿಗೆ ಅಂಟಿಕೊಂಡು. ಬಿಸಿಲುಗಾಲದ ಮಧ್ಯಾಹ್ನ ಬೆಚ್ಚನೆಯ ನೀರಿನಲ್ಲಿ ಹಿಡಿದು, ಫೋಟೊ ತೆಗೆಸಿಕೊಂಡು ‘ಬಿಟ್ಟ’ ಮೀನು ತಿರುವಿನಾಚೆ ಹೊಟ್ಟೆ ಮೇಲಾಗಿ ತೇಲುವುದನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಅವರು ಕಾಯುತ್ತಿರುವ ಕಂದು ಟ್ರೌಟ್ ಕೂಡ ಆ ಹೊಳೆಗೆ ಹೊರಗಿನದೇ. ಊರಿಗೆ ಹೆಸರು ಕೊಟ್ಟ ಮೀನನ್ನು ಮರಳಿ ತರುವ ಯೋಜನೆ ಸರ್ಕಾರ ಮತ್ತು ಮೂಲನಿವಾಸಿ ಒಟಾವ ಸಮುದಾಯದ ಜೊತೆಗಾರಿಕೆಯಲ್ಲಿ 2016ರಲ್ಲಿ ಮತ್ತೆ ಶುರುವಾಯಿತು. ಈ ಸಲ ಮೊಟ್ಟೆಗಿಂತ ಮೊದಲು ಹೊಳೆಯ ತಳ, ನೀರಿನ ತಂಪು ಅಳೆಯಲು ಹೊರಟರು. ಬುದ್ಧಿ ಬರಲು ನೂರು ವರ್ಷ ಹಿಡಿಯಿತು.

ದಕ್ಷಿಣ ಭಾರತಕ್ಕೂ ಈ ಕಥೆ ದೂರದ್ದಲ್ಲ. ಬ್ರಿಟಿಷರು ತಮ್ಮ ಆಟಕ್ಕೆಂದು ನೀಲಗಿರಿಗೆ ಟ್ರೌಟ್ ತಂದರು. ಅವಲಾಂಚಿಯ ಮೀನುಮರಿ ಕೇಂದ್ರ 1907ರದು. ಕಾವೇರಿಯಲ್ಲಿ ಅವರಿಗೆ ಟ್ರೌಟ್ ಬೇಕಾಗಲಿಲ್ಲ, ಮಹಶೀರ್ ಎಂಬ ದೊಡ್ಡ ಮೀನಿತ್ತು. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೊ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಗೂನುಬೆನ್ನಿನ ಮಹಶೀರ್‌ಗೆ ಯಾವ ವೈಜ್ಞಾನಿಕ ಹೆಸರು ಎಂಬುದು ತೀರ್ಮಾನವಾದದ್ದೇ 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್‌ನ ತೀವ್ರ ಅಪಾಯದ ಪಟ್ಟಿ ಸೇರಿತು. ಜಗತ್ತಿನ ಗಾಳಗಾರರೆಲ್ಲ ಹುಡುಕಿಕೊಂಡು ಬರುತ್ತಿದ್ದ ಮೀನು, ನಾಮಕರಣದ ವರ್ಷವೇ ಅಳಿವಿನಂಚಿಗೆ ಬಂದಿತ್ತು.

ಅಳಿವಿನ ಕಾರಣಗಳಲ್ಲಿ ತೋಟೆ ಸಿಡಿಸುವವರು, ಅಣೆಕಟ್ಟು, ಮರಳು ಗಣಿಗಾರಿಕೆ ಎಲ್ಲವೂ ಇವೆ. ಸಂರಕ್ಷಣೆಯೂ ಇದೆ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಬೇರೊಂದು ಮಹಶೀರ್‌ನ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮಹಶೀರ್ ಅಂದರೆ ಮಹಶೀರ್, ಯಾವುದಾದರೇನು ಎಂಬ ಧಾರಾಳ. ಕಾವೇರಿ ದಂಡೆಯ ಗಾಳಿಬೋರೆಯ ಶಿಬಿರದಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಮುಂದೇನಾಯಿತೆಂದು ತಿಳಿಯುತ್ತಲೇ ಇರಲಿಲ್ಲ: ನೀಲಿ ರೆಕ್ಕೆಯದು ಏರುತ್ತ ಹೋಯಿತು, ಗೂನುಬೆನ್ನಿನದು ಇಳಿಯುತ್ತ ಹೋಯಿತು, ಅದರ ಸಣ್ಣ ಮೀನುಗಳಂತೂ ಕಾಣದಾದವು. 2012ರ ಸುಮಾರಿಗೆ ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಲೆಕ್ಕವೂ ನಿಂತಿತು. ಶಿಬಿರಗಳಲ್ಲಿ ಕಾವಲು ಕಾಯುತ್ತಿದ್ದ ಹಳೆಯ ಕಳ್ಳಬೇಟೆಗಾರರಿಗೆ ಆ ಕೆಲಸವೂ ತಪ್ಪಿತು.

ಮಳೆಗಾಲ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಚಿತ್ರ ತಪ್ಪುವುದಿಲ್ಲ. ಕೆರೆಯ ಏರಿಯ ಮೇಲೋ ಹೊಳೆಯ ಮೆಟ್ಟಿಲ ಮೇಲೋ ಗಣ್ಯರು ಬಾಗಿ ನಿಂತು ಚೀಲದಿಂದ ಮೀನುಮರಿ ಸುರಿಯುತ್ತಿರುತ್ತಾರೆ. ಹಿಂದೆ ಹತ್ತಾರು ಜನ, ಎಲ್ಲರ ಕಣ್ಣೂ ಕ್ಯಾಮೆರಾದ ಕಡೆ. ಎಷ್ಟು ಸಾವಿರ ಮರಿ ಬಿಟ್ಟರೆಂಬುದು ಸುದ್ದಿಯಲ್ಲಿರುತ್ತದೆ. ಯಾವ ಜಾತಿ, ಆ ನೀರಿಗೆ ಅದು ಸಲ್ಲುತ್ತದೆಯೇ, ಮರುವರ್ಷ ಎಷ್ಟು ಉಳಿದವು ಎಂಬುದು ಇರುವುದಿಲ್ಲ. ಇದಕ್ಕೆ ಎದುರಾಗಿ ದಕ್ಷಿಣ ಕನ್ನಡ ಜಿಲ್ಲೆಯ ಶಿಶಿಲದಲ್ಲಿ ಕಪಿಲಾ ಹೊಳೆಗೆ ಮರಿ ತಂದು ಬಿಟ್ಟವರಿಲ್ಲ, ಸಮಾರಂಭವಿಲ್ಲ. ದೇವರ ಮೀನೆಂಬ ಒಂದು ನಂಬಿಕೆ, ಅಲ್ಲಿ ಗಾಳ ಹಾಕಬಾರದೆಂಬ ಒಂದು ಕಟ್ಟು. 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರು ಅವಕ್ಕೆ ಸ್ಮಾರಕ ಕಟ್ಟಿತು, ಕಟ್ಟು ಮುರಿಯಲಿಲ್ಲ. ಮೀನು ಮತ್ತೆ ಹೆಚ್ಚಿತು.

ಓ ಸೇಬಲ್ ದಂಡೆಯ ಊರಿಗೆ ಗ್ರೇಲಿಂಗ್ ಎಂಬ ಹೆಸರು ಉಳಿಯಿತು, ಮೀನು ಉಳಿಯಲಿಲ್ಲ. ತಳ, ದಂಡೆ, ನೆರಳು ಬಿಟ್ಟು ಚೀಲ ಹಿಡಿದು ನಿಲ್ಲುವ ಉತ್ಸಾಹ ಹೀಗೇ ನಡೆದರೆ ಕಾವೇರಿಯಲ್ಲಿಯೂ ಗೂನುಬೆನ್ನಿನ ಮಹಶೀರ್‌ಗೆ ಒಂದು ಜಾಗವಂತೂ ಖಾಯಂ: ನದಿದಂಡೆಯ ರೆಸಾರ್ಟುಗಳ ನಾಮಫಲಕ.